ದೇವರಬೀಸನಹಳ್ಳಿಯಲ್ಲಿ ಒಂದು ಹಗಲು

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಒಂದರ ಮಗ್ಗುಲಿಗೊಂದು ಎರಡು ಊರುಗಳಿವೆ: ಕಾಡುಬೀಸನಹಳ್ಳಿ, ದೇವರಬೀಸನಹಳ್ಳಿ. ಕೃಷ್ಣರಾಜಪುರದಲ್ಲಿ ಮೆಟ್ರೋ ಇಳಿದು ನಾವು ಹತ್ತಿದ ಬಸ್ಸಿನ ಕಂಡಕ್ಟರು ಈ ಹೆಸರುಗಳನ್ನು ಕೂಗಿದಾಗ ನನ್ನ ಕಿವಿ ನೆಟ್ಟಗಾಯಿತು. ಕನ್ನಡ ಪಾಠ ಹೇಳುವವನಿಗೆ ಊರಿನ ಹೆಸರೆಂದರೆ ಬೆಲ್ಲ. ಒಂದು ಕಾಡಿನ ಪಾಲು, ಇನ್ನೊಂದು ದೇವರ ಪಾಲು! ಈಗ ಎರಡರ ಮುಂದೆಯೂ ಗಾಜಿನ ಮಹಲುಗಳೇ.

"ಮಾವ, ಹೆಸರಿನ ವಿಚಾರ ಹಿಂದಿರುಗುವಾಗ ಮಾಡೋಣ, ಹೊತ್ತಾಯಿತು" ಎಂದು ನನ್ನ ಸೋದರಳಿಯ ತೋಳು ಹಿಡಿದು ಇಳಿಸಿದ.

ಅಂದು ಅವನಿಗೆ ಅಲ್ಲಿಯ ಒಂದು ದೊಡ್ಡ ತಂತ್ರಜ್ಞಾನ ಕಂಪನಿಯಲ್ಲಿ ಸಂದರ್ಶನ. ಹುದ್ದೆ ಡೇಟಾ ಸೈಂಟಿಸ್ಟ್. 'ವಿಜ್ಞಾನಿಯ ಕೆಲಸ' ಎಂದು ಅಕ್ಕ ಹೇಳಿಕೊಂಡಿದ್ದೇ ತಡ, ನೆರೆಮನೆಯವರು "ರಾಕೆಟ್ಟು ಎಂದು ಹಾರಿಸುತ್ತಾನೆ?" ಎಂದು ಕೇಳಿದರಂತೆ. ರಾಕೆಟ್ಟಿಲ್ಲ. ಕೋಟಿ ಜನ ತಮ್ಮ ಮೊಬೈಲಿನಲ್ಲಿ ಏನು ಒತ್ತಿದರು, ಏನು ಕೊಂಡರು, ಎಲ್ಲಿ ಬೇಸತ್ತು ಬಿಟ್ಟುಹೋದರು ಎಂಬ ಅಂಕಿಗಳ ರಾಶಿಯಿಂದ ಕಾಳು-ಜೊಳ್ಳು ಬೇರ್ಪಡಿಸಿ ಹೇಳುವ ಕೆಲಸ.

ಅಕ್ಕನನ್ನು ಕೊಟ್ಟದ್ದು ಹೂವಿನ ಹಡಗಲಿಗೆ. ಭಾವ ಮಲ್ಲಿಗೆ ತೋಟದ ಮೇಲೆ ಸಾಲ ಮಾಡಿ ಮಗನನ್ನು ಮೈಸೂರಿಗೆ, ನನ್ನ ಮನೆಗೆ, ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಕಳುಹಿಸಿದರು. ಆ ವಿಷಯವೇ ಏಕೆಂದರೆ, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ಅದೇ ಹಡಗಲಿಯಲ್ಲಿ. 1945ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನದ ಫಲವನ್ನು ಇಂದಿಗೂ ಎಲ್ಲ ದೇಶಗಳ ವಿದ್ಯಾರ್ಥಿಗಳು ಓದುತ್ತಾರೆ. ಅವರು 2023ರವರೆಗೂ ಬದುಕಿದ್ದರು. ಹುಡುಗನಿಗೆ ಅದೊಂದು ಹೆಮ್ಮೆ. ಆದರೆ ಹೆಮ್ಮೆಯಿಂದ ಸಾಲ ತೀರದು. ಪದವಿಯ ಬಳಿಕ ಎರಡು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ; ಸಂಬಳ ಯಾವ ತಿಂಗಳು ಬರುವುದೆಂದು ಅವನ ಸಂಖ್ಯಾಶಾಸ್ತ್ರವೂ ಹೇಳಲಾರದಾಗಿತ್ತು.

ಫೋನಿನಲ್ಲಿ ಒಂದು ಮಾತುಕತೆ, ಮನೆಯಲ್ಲೇ ಕುಳಿತು ಒಂದು ಪರೀಕ್ಷೆ, ಇವೆರಡನ್ನೂ ದಾಟಿ ಬಂದಿದ್ದ. ಅಂದು ಮುಕ್ಕಾಲು ಮುಕ್ಕಾಲು ಗಂಟೆಯ ಐದು ಸುತ್ತು. ಬಾಗಿಲಲ್ಲಿ ಕಾವಲುಗಾರ ಅವನ ಚಿತ್ರ ತೆಗೆದು, ಕೊರಳಿಗೆ ಚೀಟಿ ಹಾಕಿ ಒಳಗೆ ಬಿಟ್ಟ. ನನ್ನನ್ನು ನೋಡಿ ಕೈ ಅಡ್ಡ ಮಾಡಿದ. ಹೆಣ್ಣು ಕೊಟ್ಟು ಕಳುಹಿಸಿದವರಂತೆ ನಾನು ಹೊರಗೆ ನಿಂತೆ.

ಮಹಲುಗಳ ಬೆನ್ನಿಗೆ ಹಳೆಯ ಊರು ಇನ್ನೂ ಇದೆ, ಓದುಗರೆ. ಅಗಲವಿಲ್ಲದ ಓಣಿಗಳು, ಹುಡುಗರ ವಸತಿಗೃಹಗಳ ಫಲಕಗಳು, ಟೀ ಅಂಗಡಿಗಳು. ಆ ಅಂಗಡಿಗಳ ಮುಂದೆ ಕೊರಳಲ್ಲಿ ಚೀಟಿ ತೂಗಿಸಿಕೊಂಡ ತರುಣ ತರುಣಿಯರು ನಾಲ್ಕಾರು ಭಾಷೆಗಳಲ್ಲಿ ಹರಟುತ್ತ ನಿಂತಿದ್ದರು. ಬೆಂಚಿನ ಮೇಲಿದ್ದ ವೃದ್ಧರೊಬ್ಬರು ನನ್ನ ಕನ್ನಡ ಕೇಳಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅವರ ರಾಗಿ ಹೊಲ ಈಗ ಒಂದು ಮಹಲಿನ ಅಡಿಯಲ್ಲಿದೆ. 2022ರ ಸೆಪ್ಟೆಂಬರ್ ಮಳೆಯ ಮಾತು ಬಂತು. ಈ ರಸ್ತೆ ಹೊಳೆಯಾಗಿ, ಕಾರಿನವರೆಲ್ಲ ಟ್ರ್ಯಾಕ್ಟರು ಹತ್ತಿ ಆಫೀಸಿಗೆ ಹೋದ ವಾರವದು.

"ನೀರಿಗೆ ಬೆಳ್ಳಂದೂರು ಕೆರೆಯ ದಾರಿ ಮರೆತಿಲ್ಲ ಸ್ವಾಮಿ. ಮರೆತವರು ನಾವು. ನಾನು ಟ್ರ್ಯಾಕ್ಟರು ಮಾರಿ ಮೂರು ವರ್ಷವಾಗಿತ್ತು, ಆ ವಾರ ಹೊಟ್ಟೆ ಉರಿಯಿತು" ಎಂದು ನಕ್ಕರು.

ಬೆಳ್ಳಂದೂರು ಕೆರೆ ನಗರದ ಅತಿ ದೊಡ್ಡ ಕೆರೆ. 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹೊತ್ತಿ ಉರಿದ ಕೆರೆಯೂ ಹೌದು. ಹೋಗಿ ನೋಡಿಬರಬೇಕೆಂದು ಎದ್ದೆ. ಹುಡುಗ ಹೊರಬಂದು ಹುಡುಕಿದರೆ ಎಂದು ಮತ್ತೆ ಕುಳಿತೆ. ಆರು ಟೀ ಕುಡಿದೆ.

ಐದು ಗಂಟೆಗೆ ಬಂದ. ಮುಖ ಬಾಡಿತ್ತು. ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ ಟಿಕೀಟಿನ ಹಿಂಬದಿಯಲ್ಲಿ ಎರಡನೆಯ ಸುತ್ತಿನ ಪ್ರಶ್ನೆಯನ್ನು ಬರೆದು ತೋರಿಸಿದ. ಒಂದು ರೋಗ ಸಾವಿರಕ್ಕೆ ಒಬ್ಬರಿಗೆ ಬರುತ್ತದೆ. ಪರೀಕ್ಷೆ ಮಾಡಿದರೆ ರೋಗಿಗಳಲ್ಲಿ ನೂರಕ್ಕೆ 99 ಮಂದಿ ಸಿಕ್ಕಿಬೀಳುತ್ತಾರೆ. ಆರೋಗ್ಯವಂತರಲ್ಲಿಯೂ ನೂರಕ್ಕೆ ಒಬ್ಬರನ್ನು ಅದು ತಪ್ಪಾಗಿ ರೋಗಿ ಎನ್ನುತ್ತದೆ. ನಿಮಗೆ 'ರೋಗ ಉಂಟು' ಎಂದು ಬಂದರೆ ನಿಜಕ್ಕೂ ಇರುವ ಸಂಭವ ಎಷ್ಟು?

"ನೂರಕ್ಕೆ 99" ಎಂದೆ ನಾನು.

"ಒಂದು ಲಕ್ಷ ಜನರನ್ನು ನಿಲ್ಲಿಸಿ, ಮಾವ. ರೋಗಿಗಳು 100, ಸಿಕ್ಕುವವರು 99. ಉಳಿದ 99,900 ಆರೋಗ್ಯವಂತರಲ್ಲಿ ತಪ್ಪಾಗಿ ಸಿಕ್ಕುವವರು 999. ಒಟ್ಟು 1,098 ಜನರಲ್ಲಿ ನಿಜವಾದ ರೋಗಿಗಳು 99. ಅಂದರೆ ನೂರಕ್ಕೆ ಒಂಬತ್ತು!"

ಇದರ ಬೇರು ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರ ಬರಹದಲ್ಲಿದೆಯಂತೆ. ಅದು ಅಚ್ಚಾದದ್ದು ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ. ನಾನು ಟಿಕೀಟನ್ನು ಜೋಪಾನವಾಗಿ ಜೇಬಿಗೆ ಇಟ್ಟುಕೊಂಡೆ.

ಮುಂದಿನ ಸುತ್ತೂ ಚೆನ್ನಾಗಿಯೇ ಆಗಿತ್ತು. ಅರ್ಧ ಜನರಿಗೆ ಹಳೆಯ ಪುಟ, ಅರ್ಧ ಜನರಿಗೆ ಹೊಸದು ತೋರಿಸಿದ್ದೇವೆ. ಹೊಸದರಲ್ಲಿ ಕೊಳ್ಳುವವರು ತುಸು ಹೆಚ್ಚು. ಅದನ್ನೇ ಉಳಿಸೋಣವೆ ಎಂದರಂತೆ. "ಎಷ್ಟು ಜನ? ಎಷ್ಟು ದಿನ? ಈ ತುಸು ಹೆಚ್ಚಳ ಆಕಸ್ಮಿಕವಾಗಿಯೂ ಬರಬಹುದಲ್ಲವೆ?" ಎಂದು ಇವನು ಮರುಪ್ರಶ್ನೆ ಹಾಕಿದಾಗ ಆಕೆ ತಲೆದೂಗಿದರಂತೆ.

ಕಾಲು ಜಾರಿದ್ದು ಕೊನೆಯ ಸುತ್ತಿನಲ್ಲಿ. ಅಲ್ಲಿ ಗಣಿತವೇ ಇರಲಿಲ್ಲ. 'ನೀವು ಮಾಡಿದ ಒಂದು ಕೆಲಸವನ್ನು ವಿವರಿಸಿ' ಎಂದಷ್ಟೇ ಪ್ರಶ್ನೆ. ಕಾಲೇಜು ಬಿಡುವ ಸಂಭವವಿದ್ದ ವಿದ್ಯಾರ್ಥಿಗಳನ್ನು ಹಾಜರಿ, ಅಂಕ, ಊರಿನ ದೂರ ಇವುಗಳಿಂದ ಮುಂಚಿತವಾಗಿ ಗುರುತಿಸುವ ಲೆಕ್ಕವೊಂದನ್ನು ಇವನು ಕಟ್ಟಿದ್ದ. ಅದನ್ನು ಹೇಳಿದ: ನಾವು ಅಂಕಿ ಕೂಡಿಸಿದೆವು, ನಾವು ಲೆಕ್ಕ ಕಟ್ಟಿದೆವು, ನಾವು ಪಟ್ಟಿ ಮಾಡಿದೆವು.

"ಈ 'ನಾವು' ಎಂದರೆ ಯಾರು? ಇದರಲ್ಲಿ ನಿಮ್ಮದು ಯಾವುದು?" ಎಂದು ಅವರು ಕೇಳಿದರು.

ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿದವನು ಇವನೊಬ್ಬನೇ. ನಮ್ಮ ಊಟದ ಮನೆಯಲ್ಲಿ ರಾತ್ರಿ ಎರಡು ಗಂಟೆಯವರೆಗೆ ದೀಪ ಉರಿದದ್ದನ್ನು ನಾನು ಕಂಡಿದ್ದೇನೆ. ಆದರೂ, "ಎಲ್ಲರೂ ಸೇರಿ..." ಎಂದು ತೊದಲಿದನಂತೆ.

ನನಗೆ ಬಾಯಿ ಕಟ್ಟಿತು. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬೇಸಗೆಯ ರಜೆಗೆ ಬಂದಾಗ, "ಏನು ಬರಿಯ ನಾನು ನಾನು ಎನ್ನುತ್ತೀಯೆ? ನಾವು ಎನ್ನು" ಎಂದು ಗದರಿದವನು ಅವನ ಅಪ್ಪನಲ್ಲ, ನಾನು.

ಮೈಸೂರಿನ ರೈಲಿನಲ್ಲಿ ಅಕ್ಕನ ಫೋನು ಬಂತು. "ಚೆನ್ನಾಗಿ ಆಯಿತಮ್ಮ" ಎಂದ ಹುಡುಗ. ಫೋನು ನನ್ನ ಕೈಗೆ ಬಂದಾಗ, "ನಿಜ ಹೇಳು ತಮ್ಮಾ" ಎಂದಳು ಅಕ್ಕ. ಊಟ ಮಾಡಿ ಮಲಗೆಂದು ಹೇಳಿ ಇಟ್ಟುಬಿಟ್ಟೆ.

ಹನ್ನೆರಡನೆಯ ದಿನ ನಾಲ್ಕು ಸಾಲಿನ ಉತ್ತರ ಬಂತು. ಈ ಸಲ ಆಗಲಿಲ್ಲ, ಆರು ತಿಂಗಳ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದು. ಅವನು ಆ ಕಾಲೇಜಿನ ಕೆಲಸಕ್ಕೇ ಮರಳಿದ್ದಾನೆ. ಭಾನುವಾರ ಸಂಜೆ ನನ್ನ ಮುಂದೆ ಕುಳಿತು ಅದೇ ಲೆಕ್ಕದ ಕಥೆಯನ್ನು ಹೇಳುತ್ತಾನೆ. ಎಷ್ಟು 'ನಾವು' ಬಂದವೆಂದು ನಾನು ಕಾಗದದ ಮೇಲೆ ಗೀಟು ಹಾಕುತ್ತೇನೆ. ಮೊದಲ ವಾರ ಇಪ್ಪತ್ತಮೂರು. ಕಳೆದ ವಾರ ಏಳು. ಅವುಗಳಲ್ಲಿ ಎರಡನ್ನು ನಾನೇ ಹೊಡೆದುಹಾಕಿದೆ. ಕಾಲೇಜು ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಬಿಸಿಲಿನಲ್ಲಿ ಊರೂರು ತಿರುಗಿದ್ದು ಅವನು ಮಾತ್ರವಲ್ಲ, ಅವನ ವಿದ್ಯಾರ್ಥಿಗಳೂ ಜೊತೆಗಿದ್ದರು.