ಕಣ್ಣು ತೆರೆದು ಮಾಡುವ ಪ್ರಾರ್ಥನೆ

ದೊಡ್ಡೇರಿಯ ಹೆಸರಿನಲ್ಲೇ ಏರಿ ಇದೆ. ಏರಿ ಎಂದರೆ ಕೆರೆಯ ಕಟ್ಟೆ. ಆದರೆ ನಾನು ಬೆಳೆದ ವರ್ಷಗಳಲ್ಲಿ ಮಧುಗಿರಿ ತಾಲ್ಲೂಕಿನ ಈ ಭಾಗದ ಯಾವ ಏರಿಯ ಮೇಲೆ ನಿಂತು ನೋಡಿದರೂ ನೀರಿಗಿಂತ ಬಳ್ಳಾರಿ ಜಾಲಿಯೇ ಹೆಚ್ಚು ಕಾಣುತ್ತಿತ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯ ಜನಕ್ಕೆ ಮುಗಿಲು ನೋಡುವ ಅಭ್ಯಾಸ ಯಾರೂ ಕಲಿಸದೆ ಬರುತ್ತದೆ. ಕಡಲೆಕಾಯಿ ಬಿತ್ತಿ, ಒಂದು ಹದ ಮಳೆಗಾಗಿ ಕಾಯುತ್ತಾ ಕೂರುವ ನೆಲ ಇದು. ಮಳೆ ತೀರಾ ತಡವಾದರೆ ಹುಡುಗರು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಿದ್ದರು. ಕುಡಿಯುವ ನೀರಿಗೆ ಪರದಾಡುವ ಮನೆಯವರೂ ಒಂದು ಚೆಂಬು ನೀರನ್ನು ಮಳೆರಾಯನ ಮೇಲೆ ಸುರಿಯುತ್ತಿದ್ದರು. ಮಳೆ ಬಂದರೆ ಬಂತು, ಬಾರದಿದ್ದರೆ ಇಲ್ಲ. ಮರುವರ್ಷ ಮತ್ತೆ ಮಳೆರಾಯ ಬರುತ್ತಿದ್ದ. ಹೋದ ವರ್ಷ ಸುರಿದ ನೀರಿನ ಲೆಕ್ಕವನ್ನು ಅವನ ಮುಂದಿಟ್ಟವರನ್ನು ನಾನು ಕಾಣೆ.

ಉತ್ತರ ಬಾರದಿದ್ದರೂ ಕೇಳುತ್ತಲೇ ಇರುವುದನ್ನು ಪೇಟೆಯ ಗೆಳೆಯರು ಮೌಢ್ಯ ಎನ್ನುತ್ತಾರೆ, ಕೆಲವರು ಭಕ್ತಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಎರಡೂ ಅಲ್ಲದ ಇನ್ನೊಂದೇನೋ ಆಗಿತ್ತು.

ನಮ್ಮದು ಆ ಊರಿನಲ್ಲಿದ್ದ ಒಂದೇ ಕ್ರೈಸ್ತ ಮನೆ. ಅಮ್ಮ ಆರೋಗ್ಯ ಉಪಕೇಂದ್ರದ ನರ್ಸು. ಊರಿಗೆಲ್ಲ ನರ್ಸಮ್ಮ. ಲಸಿಕೆಯ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಸುತ್ತಲ ಹಳ್ಳಿಗಳನ್ನೆಲ್ಲ ನಡೆದೇ ಸುತ್ತುತ್ತಿದ್ದಳು. ಅಪ್ಪನಿಗೆ ತುಮಕೂರಿನಲ್ಲಿ ಕೆಲಸ, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದರು. ತಿಂಗಳಿಗೊಂದು ಸಲ ನಾವೇ ಪ್ರಭುಭೋಜನಕ್ಕೆಂದು ತುಮಕೂರಿಗೆ ಹೋಗುತ್ತಿದ್ದೆವು. ಉಳಿದ ದಿನಗಳಲ್ಲಿ ನಮ್ಮ ಚರ್ಚು ಎಂದರೆ ಸಂಜೆ ಏಳೂವರೆಗೆ ಚಾಪೆಯ ಮೇಲೆ ಕೂತು ಮಾಡುವ ಕುಟುಂಬ ಪ್ರಾರ್ಥನೆ.

ತಂಗಿಗೆ ಎರಡೂವರೆ ವರ್ಷವಾಗಿದ್ದಾಗ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಆಗಷ್ಟೇ ಮಾತು ಜೋಡಿಸಲು ಕಲಿಯುತ್ತಿದ್ದವಳು, ಕೆಲವೇ ತಿಂಗಳಲ್ಲಿ ಇದ್ದ ನಾಲ್ಕು ಮಾತನ್ನೂ ಬಿಟ್ಟಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಅಲ್ಲಿನವರು ತಾಳ್ಮೆಯಿಂದ ಪರೀಕ್ಷೆ ಮಾಡಿ, ಕಿವಿಯ ಒಳಗಿನ ಸೂಕ್ಷ್ಮ ಭಾಗವೇ ಹಾಳಾಗಿದೆ, ಅದು ಮತ್ತೆ ಬೆಳೆಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಶ್ರವಣ ಯಂತ್ರ ಕೊಟ್ಟರು, ತುಟಿ ನೋಡಿ ಮಾತು ಹಿಡಿಯುವುದನ್ನು ಮನೆಯಲ್ಲಿ ಹೇಗೆ ಕಲಿಸಬೇಕೆಂದು ತೋರಿಸಿಕೊಟ್ಟರು.

ಅಮ್ಮ ನರ್ಸು. ಆ ಮಾತಿನ ಅರ್ಥ ಅವಳಿಗೆ ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಂದು ರಾತ್ರಿಯಿಂದ ಪ್ರಾರ್ಥನೆಗೆ ಒಂದು ಮಾತು ಸೇರಿಸಿದಳು: ಸ್ವಾಮಿ, ನನ್ನ ಮಗಳ ಕಿವಿ ತೆರೆ. ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಯೇಸು ಒಬ್ಬ ಕಿವುಡನನ್ನು ಗುಂಪಿನಿಂದ ಆಚೆಗೆ ಕರೆದುಕೊಂಡು ಹೋಗಿ, ಕಿವಿಯಲ್ಲಿ ಬೆರಳಿಟ್ಟು ಗುಣಪಡಿಸುವ ಕಥೆ ಬರುತ್ತದೆ. ಅಮ್ಮನ ಬೈಬಲಿನಲ್ಲಿ ಆ ಪುಟದ ಅಂಚು ಕೈಯ ಎಣ್ಣೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತ್ತು.

ವರ್ಷ ಒಂದಾಯಿತು, ಎರಡಾಯಿತು. ಅಪ್ಪ ಆ ಮಾತನ್ನು ತಮ್ಮ ಪ್ರಾರ್ಥನೆಯಿಂದ ಬಿಟ್ಟರು. ಒಂದು ಶನಿವಾರ ಅಮ್ಮನಿಗೂ ಹೇಳಿದರು: "ಸಾಕು ಬಿಡೇ. ದಿನಾ ಕೇಳಿ ಕೇಳಿ ಗಾಯ ಕೆರ್ಕೊಂಡಂಗಾಗುತ್ತೆ."

"ಕೇಳೋದು ಬಿಟ್ರೆ, ಆಗಿದ್ದೆಲ್ಲ ಸರಿಯಾಗೇ ಆಗೈತೆ ಅಂತ ನಾನೇ ಒಪ್ಕೊಂಡಂಗಲ್ವ? ನಾನು ಒಪ್ಕೊಳಲ್ಲ," ಎಂದಳು ಅಮ್ಮ.

ಅದು ಭಕ್ತೆಯ ಮಾತಿಗಿಂತ ತಕರಾರು ಅರ್ಜಿಯ ಮಾತಿನಂತೆ ಕೇಳಿಸುತ್ತದೆ. ಆದರೆ ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದ ವಿಧವೆ ಮಾಡುವುದೂ ಅದನ್ನೇ. ದೇವರಿಗೂ ಅಂಜದ, ಜನಕ್ಕೂ ನಾಚದ ಒಬ್ಬ ನ್ಯಾಯಾಧೀಶನ ಬಾಗಿಲಿಗೆ ಅವಳು ನ್ಯಾಯಕ್ಕಾಗಿ ಮತ್ತೆ ಮತ್ತೆ ಹೋಗುತ್ತಾಳೆ. ಕೊನೆಗೆ ಅವಳ ಕಾಟ ತಾಳಲಾರದೆ ಅವನು ನ್ಯಾಯ ತೀರಿಸುತ್ತಾನೆ. ಬೇಸರಪಡದೆ ಪ್ರಾರ್ಥಿಸಬೇಕು ಎನ್ನುವುದಕ್ಕೆ ಯೇಸು ಹೇಳಿದ ಕಥೆ ಇದು. ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದು ವಿಧವಾ ವೇತನ ಮಾಡಿಸಿಕೊಂಡ ಹೆಂಗಸರನ್ನು ಅಮ್ಮ ದಿನಾ ನೋಡುತ್ತಿದ್ದಳು. ಅವಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಮ್ಮಲ್ಲಿ ಸಭೆ ಕೂಡಿಸಿ ಸ್ವಸ್ಥತೆಯ ಪ್ರಾರ್ಥನೆ ನಡೆಸುವ ಬೋಧಕರು ಬರುತ್ತಿರುತ್ತಾರೆ. ಅಂಥ ಒಬ್ಬರ ಬಳಿಗೆ ತಂಗಿಯನ್ನು ಕರೆದುಕೊಂಡು ಹೋದೆವು. ಮಗುವಿನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂಗಿ, ಆಮೇಲೆ ಅಮ್ಮನ ಕಡೆ ತಿರುಗಿ, ನಿಮ್ಮ ನಂಬಿಕೆ ಸಾಲದು ತಾಯಿ ಎಂದರು. ಬಸ್ಸಿನಲ್ಲಿ ಅಮ್ಮ ಮಾತಾಡಲಿಲ್ಲ. ಊರಿಗೆ ಬಂದ ಮೇಲೆ ಪಕ್ಕದ ಮನೆಯ ಅಜ್ಜಿ ವಿಷಯ ಕೇಳಿ, "ನೀನು ಬೇಜಾರ್ ಮಾಡ್ಕೋಬ್ಯಾಡ ನರ್ಸಮ್ಮ. ಮಧುಗಿರಿ ದಂಡಿನ ಮಾರಮ್ಮಂಗೆ ನಾನು ಹರಕೆ ಹೊತ್ಕೊಂಡಿದೀನಿ, ನಿನ್ನ ಮಗೀಗೆ" ಎಂದಳು. ಅಮ್ಮ ಅದನ್ನು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಅಜ್ಜಿಯ ಕೈ ಹಿಡಿದುಕೊಂಡು ಕೂತಿದ್ದಳು. ಆ ಬೋಧಕರ ಮಾತಿಗಿಂತ ಅಜ್ಜಿಯ ಹರಕೆಯೇ ಯೇಸುವಿಗೆ ಹತ್ತಿರವಾಗಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ನಂಬಿಕೆ ಇದ್ದರೆ ಉತ್ತರ ಬಂದೇ ಬರುತ್ತದೆ ಎನ್ನುವವರು ಬೈಬಲಿನ ಅರ್ಧವನ್ನು ಮುಚ್ಚಿಟ್ಟು ಓದುತ್ತಾರೆ. ಕೀರ್ತನೆಗಳ ಪುಸ್ತಕವನ್ನು ಸುಮ್ಮನೆ ಕೂತು ಓದಿ ನೋಡಿ. ಹದಿಮೂರನೆಯದು ದೇವರನ್ನು ಇನ್ನೂ ಎಷ್ಟು ಕಾಲ ಮರೆತಿರುತ್ತೀ ಎಂದು ಜಗ್ಗಿಸಿ ಕೇಳುತ್ತದೆ. ಎಂಬತ್ತೆಂಟನೆಯದಂತೂ ದುಃಖದಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲನ್ನಾದರೂ ಸೇರಿಸೋಣ ಎಂದು ಅದನ್ನು ಬರೆದವನಿಗೂ ಅನ್ನಿಸಲಿಲ್ಲ, ಕಾಪಾಡಿಕೊಂಡು ಬಂದವರಿಗೂ ಅನ್ನಿಸಲಿಲ್ಲ. ಹಬಕ್ಕೂಕನ ಪುಸ್ತಕ ತೆರೆದುಕೊಳ್ಳುವುದೇ ದೂರಿನಿಂದ. ಯೋಬನಿಗೆ ದೇವರು ಕೊನೆಗೆ ಮಾತಾಡುತ್ತಾನೆ ನಿಜ, ಆದರೆ ಯಾಕೆ ಹೀಗಾಯಿತು ಎಂಬ ಅವನ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಪ್ರಶ್ನೆಗೆ ಎದುರಾಗಿ ಬರುವುದು ಪ್ರಶ್ನೆಗಳೇ. ಗೆತ್ಸೆಮನೆಯ ತೋಟದಲ್ಲಿ ಯೇಸು ಈ ಪಾತ್ರೆಯನ್ನು ತೊಲಗಿಸು ಎಂದು ಬೇಡಿಕೊಂಡ. ಪಾತ್ರೆ ತೊಲಗಲಿಲ್ಲ. ಮರುದಿನ ಶಿಲುಬೆಯ ಮೇಲೆ ಅವನು ಕೂಗಿದ್ದು ಇಪ್ಪತ್ತೆರಡನೇ ಕೀರ್ತನೆಯ ಮೊದಲ ಮಾತನ್ನು, ಕೈಬಿಟ್ಟದ್ದೇಕೆ ಎಂಬ ಪ್ರಶ್ನೆಯನ್ನು. ನಂಬಿಕೆ ಸಾಲದು ಎನ್ನುವವರು ಆ ಮಾತನ್ನು ಅವನಿಗೂ ಹೇಳಬೇಕಾಗುತ್ತದೆ.

ನಮ್ಮ ಮನೆತನದ ಕ್ರೈಸ್ತತನ ಶುರುವಾದದ್ದೂ ಈಡೇರದ ಒಂದು ಪ್ರಾರ್ಥನೆಯಿಂದಲೇ. 1876ರಿಂದ 78ರವರೆಗೆ ಬಂದ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎನ್ನುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹುಟ್ಟಬೇಕಾದವರು ಹುಟ್ಟಿ, ಇದ್ದವರು ಇದ್ದಿದ್ದರೆ ಏರಬೇಕಿದ್ದ ಸಂಖ್ಯೆ ಅದು. ತಬ್ಬಲಿಗಳಾದ ಮಕ್ಕಳಿಗಾಗಿ ಮಿಶನ್ನಿನವರು ಅನಾಥಾಲಯಗಳನ್ನು ತೆರೆದರು. ಅಮ್ಮನ ಮುತ್ತಜ್ಜ ಹಾಗೆ ಬದುಕುಳಿದ ಒಬ್ಬ ಹುಡುಗ. ಅವನ ಅಪ್ಪ ಅಮ್ಮ ಮಳೆಗಾಗಿ ಯಾವ ದೇವರನ್ನು ಬೇಡಿದ್ದರೋ. ಮಳೆ ಬರಲಿಲ್ಲ, ಅವರು ಉಳಿಯಲಿಲ್ಲ. ಹುಡುಗನಿಗೆ ಅನ್ನ ಕೊಟ್ಟ ಕೈಯೊಂದಿಗೆ ಇನ್ನೊಂದು ದೇವರ ಹೆಸರೂ ಬಂತು. ಅನ್ನಕ್ಕಾಗಿ ಸೇರಿದವರು ಎಂದು ಇಂಥವರನ್ನು ಹಂಗಿಸುವುದುಂಟು. ಅಮ್ಮನನ್ನು ಯಾರೋ ಹಾಗೆ ಕೆಣಕಿದಾಗ, "ಅನ್ನ ಕೊಟ್ಟೋರನ್ನ ಮರೀಬಾರ್ದು ಅಂತ ನಮ್ಮಜ್ಜ ಕಲ್ಸಿದ್ದು. ತಪ್ಪೇನು?" ಎಂದಿದ್ದಳು.

ಆ ಬರಕ್ಕೂ ನಲವತ್ತು ವರ್ಷ ಮೊದಲು, 1837ರಲ್ಲಿ, ವೆಸ್ಲಿಯನ್ ಮಿಶನ್ನಿನ ಥಾಮಸ್ ಹಾಡ್ಸನ್ ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ನೆಲೆಯೂರಿದ್ದರು. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಎಂಬ ತರುಣ ಆರೋಗ್ಯ ಕೆಟ್ಟು ಎರಡೇ ವರ್ಷದಲ್ಲಿ ವಾಪಸು ಹೋಗಬೇಕಾಯಿತು. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್, ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತರುವಷ್ಟರಲ್ಲಿ ಎರಡು ದಶಕಗಳೇ ಕಳೆದಿದ್ದವು. ಈಗ ನಾವು ಕನ್ನಡದಲ್ಲಿ ಓದುವ ಕೀರ್ತನೆಗಳ ಹಿಂದೆ ಇಷ್ಟೆಲ್ಲ ಕಾಯುವಿಕೆ ಇದೆ. ಇನ್ನು ಕಲ್ಕತ್ತೆಯ ಮದರ್ ತೆರೇಸಾ. 1997ರಲ್ಲಿ ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಸುಟ್ಟುಬಿಡಿ ಎಂದು ಅವರೇ ಕೇಳಿಕೊಂಡಿದ್ದ ಪತ್ರಗಳು ಅವು. ಸುಮಾರು ಐವತ್ತು ವರ್ಷ ತಮಗೆ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ ಎಂಬುದು ಅವುಗಳಲ್ಲಿದೆ. ಕೆಲವರು ಇದನ್ನು ಕಪಟ ಎಂದರು. ನನಗೆ ಅಮ್ಮ ನೆನಪಾದಳು. ಒಳಗೆ ಏನೂ ಕೇಳಿಸದೆಯೂ ಬೆಳಿಗ್ಗೆ ಎದ್ದು ಐಸ್ ಡಬ್ಬಿ ಹೆಗಲಿಗೇರಿಸುವುದು ಕಪಟವಾಗಲಾರದು.

ಹಾಗೆಂದು ಎಡೆಬಿಡದ ಪ್ರಾರ್ಥನೆಯೆಲ್ಲ ಒಳ್ಳೆಯದೇ ಎಂದು ಹೇಳುವುದೂ ಸುಲಭವಲ್ಲ. ಅದು ನನಗೆ ತಿಳಿದದ್ದು ತಂಗಿಯಿಂದ.

ನಮ್ಮಲ್ಲಿ ಪ್ರಾರ್ಥನೆ ಎಂದರೆ ತಲೆ ಬಗ್ಗಿಸಿ ಕಣ್ಣು ಮುಚ್ಚುವುದು. ಕಿವಿ ಕೇಳದ ಮಗುವಿಗೆ ಕಣ್ಣು ಮುಚ್ಚಿದ ಅಮ್ಮ ಎಂದರೆ ಎದ್ದು ಹೋದ ಅಮ್ಮ. ಪ್ರಾರ್ಥನೆ ಶುರುವಾದ ಕೂಡಲೇ ತಂಗಿ ಅಮ್ಮನ ಗದ್ದ ಹಿಡಿದು ಮೇಲೆತ್ತುತ್ತಿದ್ದಳು, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸುತ್ತಿದ್ದಳು. ಮೊದಮೊದಲು ಅಮ್ಮ ಕೈ ಸರಿಸುತ್ತಿದ್ದಳು. ಆಮೇಲೆ ಒಂದು ದಿನ ಕಣ್ಣು ತೆರೆದೇ ಪ್ರಾರ್ಥನೆ ಮಾಡಿದಳು, ಮಗಳಿಗೆ ಎದುರಾಗಿ ಕೂತು, ಒಂದೊಂದೇ ಮಾತನ್ನು ನಿಧಾನವಾಗಿ ಬಿಡಿಸಿ. ಕರೆಂಟು ಹೋದ ದಿನ ಸೀಮೆಎಣ್ಣೆ ಬುಡ್ಡಿಯನ್ನು ತನ್ನ ಬಾಯಿಯ ಹತ್ತಿರ ಹಿಡಿದುಕೊಳ್ಳುತ್ತಿದ್ದಳು, ತುಟಿ ಕಾಣಲಿ ಎಂದು. ತುಮಕೂರಿನ ಅಯ್ಯನವರು ಒಂದು ಸಲ ಮನೆಗೆ ಬಂದವರು ಇದನ್ನು ನೋಡಿ, ಏನೂ ಹೇಳದೆ ತಾವೂ ಕಣ್ಣು ತೆರೆದು, ತಂಗಿಯ ಕಡೆ ತಿರುಗಿ ಆಶೀರ್ವಾದ ಹೇಳಿದರು.

ಹೀಗೆ ಪ್ರಾರ್ಥನೆ ಅವಳ ಕಣ್ಣಿಗೆ ಬಿದ್ದದ್ದರಿಂದಲೇ ಅವಳಿಗೆ ಅದು ಅರ್ಥವೂ ಆಗತೊಡಗಿತು. ಹದಿನಾಲ್ಕನೇ ವರ್ಷದಲ್ಲಿ ಒಂದು ರಾತ್ರಿ, ಅಮ್ಮ ಎಂದಿನ ಮಾತು ಹೇಳಿ ಮುಗಿಸಿದ ಮೇಲೆ ತಂಗಿ ನೋಟುಪುಸ್ತಕ ತೆಗೆದು ಬರೆದಳು: ನಾನು ಕೆಟ್ಟುಹೋಗಿದ್ದೀನಾ, ದಿನಾ ರಿಪೇರಿಗೆ ಕೇಳುತ್ತೀಯಲ್ಲ?

ಅಮ್ಮ ಅದನ್ನು ಓದಿ ಪುಸ್ತಕ ಮಡಿಚಿಟ್ಟಳು. ಮರುದಿನ ಕುಟುಂಬ ಪ್ರಾರ್ಥನೆ ನಡೆಯಲಿಲ್ಲ. ಅದರ ಮರುದಿನವೂ ನಡೆಯಲಿಲ್ಲ. ಹನ್ನೆರಡು ವರ್ಷದ ದೇವರ ಮೌನ ಅಲ್ಲಾಡಿಸಲಾಗದ ಅಮ್ಮನನ್ನು ಮಗಳ ಒಂದು ಸಾಲು ಅಲ್ಲಾಡಿಸಿತ್ತು. ಮೂರನೆಯ ಸಂಜೆ ಚಾಪೆ ಹಾಸಿ ನಮ್ಮನ್ನು ಕರೆದಳು. ಮೊದಲು ತಂಗಿಯ ಬಗ್ಗೆ ಒಂದೊಂದನ್ನೇ ಹೆಸರಿಸಿ ಸ್ತೋತ್ರ ಹೇಳಿದಳು: ಅವಳ ದುಂಡನೆಯ ಅಕ್ಷರ, ಅವಳು ಬಿಡಿಸುವ ರಂಗೋಲಿ, ಅವಳ ಕೋಪ. ಆಮೇಲೆ ಹಳೆಯ ಬೇಡಿಕೆಯನ್ನೇ ಇಟ್ಟಳು, ಅದಕ್ಕೊಂದು ಮಾತು ಸೇರಿಸಿ: "ಅವಳಿಗೆ ಬೇಕು ಅನ್ಸಿದ್ರೆ, ಸ್ವಾಮಿ."

ಆ ಮಾತಿಗೆ ಬರಲು ಅವಳಿಗೆ ಹನ್ನೆರಡು ವರ್ಷ ಹಿಡಿಯಿತು. ಮೊದಲ ವರ್ಷವೇ ಕೇಳುವುದನ್ನು ಬಿಟ್ಟಿದ್ದರೆ ಅಲ್ಲಿಗೆ ಬರುತ್ತಿರಲಿಲ್ಲ ಎಂಬುದು ನನಗೆ ಖಚಿತ. ಇದನ್ನೇ ದೇವರ ಉತ್ತರ ಎಂದುಬಿಟ್ಟರೆ ಅಮ್ಮ ಒಪ್ಪುವುದಿಲ್ಲ. "ಉತ್ತರ ಬಂದಿಲ್ಲ. ಬಂದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವ?" ಎನ್ನುತ್ತಾಳೆ. ನನ್ನ ನಂಬಿಕೆ ಅವಳಷ್ಟು ಗಟ್ಟಿಯಲ್ಲ. ಎಷ್ಟೋ ಸಂಜೆ ನಾನು ಪ್ರಾರ್ಥನೆಯನ್ನೇ ಮಾಡುವುದಿಲ್ಲ. ಆದರೆ ಬಾರದ ಉತ್ತರವನ್ನು ಬಂತೆಂದು ಹೇಳದಿರುವ ಅವಳ ಪ್ರಾಮಾಣಿಕತೆಯ ಎದುರು, ಹೋದಲ್ಲೆಲ್ಲ ಉತ್ತರ ಪಡೆದವರ ಸಾಕ್ಷಿಗಳು ನನಗೆ ಪೊಳ್ಳಾಗಿ ಕೇಳಿಸುತ್ತವೆ.

ಅಮ್ಮ ನಿವೃತ್ತಳಾಗಿ ಬಹಳ ವರ್ಷವಾಯಿತು. ತಂಗಿ ಸರ್ಕಾರಿ ಕೆಲಸದಲ್ಲಿದ್ದಾಳೆ, ಅಮ್ಮ ಅವಳ ಜೊತೆಗೇ ಇದ್ದಾಳೆ. ಸಂಜೆ ಏಳೂವರೆಗೆ ಇಬ್ಬರೂ ಎದುರುಬದುರು ಕೂರುತ್ತಾರೆ. ಅದೇ ಬೇಡಿಕೆ, ಅದೇ ಸೇರಿಸಿದ ಮಾತು. ಈಚೆಗೆ ತಂಗಿಗೆ ಫೋನಿನಲ್ಲಿ ಸಂದೇಶ ಕಳಿಸಿ ಕೇಳಿದೆ: ನಿಜ ಹೇಳು, ಈಗಲೂ ಅದು ನಿನಗೆ ಚುಚ್ಚುವುದಿಲ್ಲವಾ?

ಸ್ವಲ್ಪ ಹೊತ್ತಿಗೆ ಅವಳ ಉತ್ತರ ಬಂತು: ಕೇಳಿಕೊಳ್ಳಲಿ ಬಿಡು. ದಿನಕ್ಕೆ ಹತ್ತು ನಿಮಿಷ ನನ್ನ ಮುಖ ಬಿಟ್ಟು ಬೇರೆ ಏನನ್ನೂ ನೋಡಲ್ಲ ಅವಳು.