ಚಿಕ್ಕಮ್ಮ ಕೇಳಿದ ಪ್ರಶ್ನೆ

ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತು ನೋಡಿ. ಹೆಲ್ಮೆಟ್ಟು ಎಲ್ಲೆಲ್ಲಿ ಇರಬಹುದು ಎನ್ನುವುದು ತಿಳಿಯುತ್ತದೆ: ಮೊಣಕೈಯಲ್ಲಿ, ಪೆಟ್ರೋಲ್ ಟ್ಯಾಂಕಿನ ಮೇಲೆ, ಸ್ಕೂಟರಿನಲ್ಲಿ ತರಕಾರಿ ಚೀಲದ ಪಕ್ಕ. ತಲೆಯ ಮೇಲಿದ್ದರೂ ಗಲ್ಲದ ಕೆಳಗೆ ಪಟ್ಟಿ ಗಾಳಿಗೆ ತೂಗಾಡುತ್ತಿರುತ್ತದೆ. ನಮ್ಮಲ್ಲಿ ಬಹಳ ಜನಕ್ಕೆ ಅದು 500 ರೂಪಾಯಿ ದಂಡ ಉಳಿಸುವ ವಸ್ತು, ಅಷ್ಟೆ.

ಇನ್ನು ಜಾಕೆಟ್ಟು, ಗ್ಲೌಸು ಹಾಕಿದವನನ್ನು ಕಂಡರೆ ಕೇಳುವುದು ಒಂದೇ ಮಾತು: "ಏನ್ ಗುರು, ಲಡಾಖಿಗಾ?" ಕೆಂಗೇರಿಯಿಂದ ಜಯನಗರಕ್ಕೆ ಹೋಗಿಬರುವ ನಾನು ಆಫೀಸಿನ ಪಾರ್ಕಿಂಗಿನಲ್ಲಿ ಇದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ, ನಕ್ಕು ಸುಮ್ಮನಾಗಿದ್ದೇನೆ. ನಗಲಾಗದಂತೆ ಅದೇ ಪ್ರಶ್ನೆ ಎದುರಾದದ್ದು ಚಿಕ್ಕಪ್ಪನ ಮಗ ಬಿದ್ದಾಗ.

ತುಮಕೂರಿನಿಂದ ಬರುತ್ತಿದ್ದವನು ನೆಲಮಂಗಲದ ಹತ್ತಿರ, ಸರ್ವಿಸ್ ರಸ್ತೆಯ ತಿರುವಿನಲ್ಲಿ ಚೆಲ್ಲಿದ್ದ ಎಂ-ಸ್ಯಾಂಡಿನ ಮೇಲೆ ಜಾರಿದ್ದ. ಹೆಲ್ಮೆಟ್ಟಿನ ಬಲಭಾಗ ಪೂರ್ತಿ ಕೆರೆದುಹೋಗಿತ್ತು. ಜಾಕೆಟ್ಟಿನ ಮೊಣಕೈ ಸವೆದು ಒಳಗಿನ ಪ್ಯಾಡು ಕಾಣುತ್ತಿತ್ತು. ಅದರಡಿಯ ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಕಾಲರ್‌ಬೋನ್ ಮುರಿದಿತ್ತು. ಗ್ಲೌಸಿಲ್ಲದ ಎರಡೂ ಅಂಗೈಗಳ ಚರ್ಮ ಸುಲಿದುಹೋಗಿತ್ತು. "ಅಷ್ಟು ದುಡ್ಡು ಕೊಟ್ಟು ಜಾಕೆಟ್ ತಗೊಂಡ. ಮೂಳೆ ಮುರಿದೇ ಮುರೀತಲ್ಲಪ್ಪ" ಎಂದರು ಚಿಕ್ಕಮ್ಮ. ಮುಂದಿನ ಎರಡು ವಾರ ಅವನಿಗೆ ತುತ್ತು ಮಾಡಿ ತಿನ್ನಿಸಿದ್ದು ಅವರೇ. "ಮೂಳೆ ನೋವು ತಡಕೋಬಹುದು ಅಣ್ಣ. ಲೋಟ ಹಿಡಿಯೋಕೂ ಅಮ್ಮನ್ನ ಕರೀಬೇಕಲ್ಲ, ಅದಾಗಲ್ಲ" ಎಂದಿದ್ದ ಅವನು.

ಚಿಕ್ಕಮ್ಮನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕುವಾಗ ನನಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಸೀಮೆಯ ಒಂದು ಅಧ್ಯಯನ. ಲಿಜ್ ಡಿ ರೋಮ್ ಮತ್ತು ಸಂಗಡಿಗರು 2008-09ರಲ್ಲಿ ಅಪಘಾತಕ್ಕೀಡಾದ 212 ಸವಾರರನ್ನು ಮಾತಾಡಿಸಿ, ಯಾರು ಏನು ತೊಟ್ಟಿದ್ದರು, ಎಲ್ಲೆಲ್ಲಿ ಪೆಟ್ಟಾಯಿತು ಎಂದು ದಾಖಲಿಸಿದರು. 2011ರಲ್ಲಿ ಅದು ಪ್ರಕಟವಾಯಿತು. ಆಸ್ಪತ್ರೆಗೆ ದಾಖಲಾಗುವ ಸಂಭವ ಬೈಕ್ ಜಾಕೆಟ್ ತೊಟ್ಟವರಲ್ಲಿ ಶೇ. 21ರಷ್ಟು ಕಡಿಮೆ, ಬೈಕ್ ಪ್ಯಾಂಟ್ ತೊಟ್ಟವರಲ್ಲಿ ಶೇ. 51, ಗ್ಲೌಸ್ ತೊಟ್ಟವರಲ್ಲಿ ಶೇ. 59. ಎಲ್ಲಕ್ಕಿಂತ ಅಗ್ಗದ ಗ್ಲೌಸೇ ಇಲ್ಲಿ ಎಲ್ಲಕ್ಕಿಂತ ಮುಂದೆ. ಅದರಲ್ಲಿ ಆಶ್ಚರ್ಯವೇನಿಲ್ಲ, ಬೀಳುವ ಯಾರೇ ಆಗಲಿ ಮೊದಲು ಊರುವುದು ಕೈಯನ್ನೇ.

ಅದೇ ಅಧ್ಯಯನ ಇನ್ನೆರಡು ಮಾತನ್ನೂ ಮುಚ್ಚಿಡದೆ ಹೇಳುತ್ತದೆ. ಒಳಗೆ ಪ್ಯಾಡಿದ್ದರೂ ಮೂಳೆ ಮುರಿಯುವುದು ಕಡಿಮೆಯಾದದ್ದು ಕಾಣಲಿಲ್ಲ. ಜಾಕೆಟ್ಟುಗಳಲ್ಲಿ ಶೇ. 30ರ ಹತ್ತಿರ ಅಪಘಾತದಲ್ಲಿ ಹರಿದೋ ಸವೆದೋ ಕೈಕೊಟ್ಟಿದ್ದವು. ಯೋಚಿಸಿದರೆ ಅರ್ಥವಾಗುತ್ತದೆ. ಜಾರುವ ಮೈಗೆ ಡಾಂಬರು ರಸ್ತೆ ತುರಿಮಣೆ ಇದ್ದ ಹಾಗೆ. ನಡುವೆ ಗಟ್ಟಿ ಬಟ್ಟೆಯಿದ್ದರೆ ತುರಿಯುವುದು ಬಟ್ಟೆಯನ್ನು. ಆದರೆ ಕಾಲು ಬೈಕಿನಡಿ ಸಿಕ್ಕಿ ತಿರುಚಿಕೊಂಡರೆ, ಭುಜವೂರಿ ಬಿದ್ದ ಹೊಡೆತ ಕಾಲರ್‌ಬೋನಿಗೆ ಹೋದರೆ, ಮೊಣಕೈಯ ಪ್ಯಾಡು ಏನು ಮಾಡೀತು? ಚರ್ಮ ಉಳಿಸುವುದು ಅದರ ಕೆಲಸ, ಅದನ್ನದು ಮಾಡಿತ್ತು.

ಹೆಲ್ಮೆಟ್ಟಿನ ಕೆಲಸ ಬೇರೆ. 1935ರಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ ಬರಿತಲೆಯಲ್ಲಿ ಬೈಕಿನಿಂದ ಬಿದ್ದು ಆರು ದಿನ ಎಚ್ಚರವಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಇದ್ದರು. ಅವರು ಬೈಕ್ ಸವಾರರ ತಲೆಪೆಟ್ಟುಗಳ ಬೆನ್ನುಹತ್ತಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಲೇಖನ ಪ್ರಕಟಿಸಿದರು. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. 2008ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾವಿನ ಸಂಭವವನ್ನು ಹೆಲ್ಮೆಟ್ ಶೇ. 42ರಷ್ಟು, ತಲೆಪೆಟ್ಟಿನದನ್ನು ಶೇ. 69ರಷ್ಟು ಇಳಿಸುತ್ತದೆ ಎಂದು ಕಂಡಿತು. ಒಳಗಿನ ಥರ್ಮಾಕೋಲ್ ಜಜ್ಜಿಹೋಗುತ್ತಾ ಹೊಡೆತವನ್ನು ತಾನು ನುಂಗುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಬಿದ್ದ ಹೆಲ್ಮೆಟ್ಟನ್ನು ಎಸೆಯಬೇಕು ಎನ್ನುವುದು ಅದಕ್ಕೇ. ಪಟ್ಟಿ ಬಿಗಿಯದಿದ್ದರೆ ತಲೆ ನೆಲ ಮುಟ್ಟುವ ಮೊದಲೇ ಅದು ಬೇರೆಲ್ಲೋ ಉರುಳುತ್ತಿರುತ್ತದೆ.

ನಮ್ಮ ಬಿಸಿಲು, ನಮ್ಮ ಸಂಬಳ ನನಗೂ ಗೊತ್ತು. ಹಗಲಿಡೀ ಊಟದ ಪಾರ್ಸೆಲ್ ಹೊತ್ತು ತಿರುಗುವ ಹುಡುಗನಿಗೆ ಹತ್ತು ಸಾವಿರದ ಜಾಕೆಟ್ ತಗೋ ಎನ್ನಲು ಬಾಯಿ ಬರುವುದಿಲ್ಲ. ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಇದು: ಮೊದಲು ತಲೆಗೆ ಸರಿಯಾಗಿ ಕೂರುವ, ಗಲ್ಲವನ್ನೂ ಮುಚ್ಚುವ ಐಎಸ್ಐ ಗುರುತಿನ ಹೆಲ್ಮೆಟ್ಟು. ಆಮೇಲೆ ಗ್ಲೌಸು. ಆಮೇಲೆ ಚಪ್ಪಲಿ ಬಿಟ್ಟು ಬೂಟು. ಬೈಕಿಗೆಂದೇ ಮಾಡಿದ ದುಬಾರಿ ಬೂಟೇ ಆಗಬೇಕಿಲ್ಲ. ಸಾಮಾನ್ಯ ಗಟ್ಟಿ ಬೂಟು ಹಾಕಿದವರಿಗೂ ಶೂ ಹಾಕಿದವರಿಗಿಂತ ಗಾಯದ ಸಂಭವ ಅರ್ಧಕ್ಕೂ ಕಡಿಮೆ ಇತ್ತು ಎಂದು ಅದೇ ಕ್ಯಾನ್‌ಬೆರಾ ಅಧ್ಯಯನ ಹೇಳುತ್ತದೆ. ಜಾಕೆಟ್ಟು ಕೈಯಲ್ಲಿ ಕಾಸಾಡಿದಾಗ.

ತಮ್ಮ ಈಗ ಗ್ಲೌಸಿಲ್ಲದೆ ಗಾಡಿ ಮುಟ್ಟುವುದಿಲ್ಲ. ಚಿಕ್ಕಮ್ಮನಿಗೂ ಇದನ್ನೆಲ್ಲ ವಿವರಿಸಿದೆ, ಒಪ್ಪಿದರು. ಆದರೆ ಶುಕ್ರವಾರ ಗುಡಿಗೆ ಹೋಗುವಾಗ ಅವನ ಹಿಂದೆ ಒಂದು ಪಕ್ಕಕ್ಕೆ ಕಾಲಿಳಿಬಿಟ್ಟು ಬರಿತಲೆಯಲ್ಲೇ ಕೂರುತ್ತಾರೆ. ಹಿಂಬದಿಯವರಿಗೂ ಹೆಲ್ಮೆಟ್ ಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ ಜಾರಿಯಾದದ್ದು 2016ರಲ್ಲಿ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಜನ ಹಿಂದೆ ಕೂತವರು. ಈ ಲೆಕ್ಕವನ್ನೂ ಹೇಳಿದೆ. "ಮಲ್ಲಿಗೆ ಮುಡಿದಿದ್ದೀನಿ ಕಣೋ, ಬಾಡಿಹೋಗತ್ತೆ. ಎರಡು ಬೀದಿ ಆಚೆ ತಾನೆ?" ಎಂದರು. ಹೂವನ್ನು ಗುಡಿಗೆ ಹೋಗಿ ಮುಡಿಯಿರಿ ಎಂದೆ. ನೋಡೋಣ, ಈ ಶುಕ್ರವಾರ ತಮ್ಮ ಎರಡನೇ ಹೆಲ್ಮೆಟ್ಟನ್ನು ಗಾಡಿಗೆ ಸಿಕ್ಕಿಸಿಯೇ ಅವರನ್ನು ಕರೆಯುತ್ತಾನಂತೆ.