ನಾದಸ್ತಂಭಗಳ ಸಹವಾಸ

ಹೊಸಪೇಟೆಯವರಾದ ನಮಗೆ ಹಾಡುವ ಕಂಬಗಳೆಂದರೆ ದೊಡ್ಡ ಸೋಜಿಗವೇನಲ್ಲ. ಹಂಪೆಯ ವಿಜಯವಿಠ್ಠಲನ ಗುಡಿಯಲ್ಲಿ ಕಲ್ಲಿನಿಂದ ನಾದ ಹೊರಡಿಸಿ ಊರಿಗೆ ಬಂದ ನೆಂಟರನ್ನು ಬೆರಗುಗೊಳಿಸಿದ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಈಗ ಆ ಕಂಬಗಳನ್ನು ತಟ್ಟಲು ಅಪ್ಪಣೆಯಿಲ್ಲ, ಅದು ಸರಿಯಾದುದೇ. ನಾನು ಹೇಳಹೊರಟಿರುವುದು ಮರದ ಕಂಬಗಳ ವಿಚಾರ. ಪ್ಲೈವುಡ್ಡಿನ ಹಲಗೆಗಳನ್ನು ಕೂಡಿಸಿ, ನೆತ್ತಿಯ ಬಳಿ ಒಂದು ಟ್ವೀಟರನ್ನೂ ಅದರ ಕೆಳಗೆ ಒಂದು ವೂಫರನ್ನೂ ಕೂರಿಸಿ, ಸೊಂಟದೆತ್ತರಕ್ಕೆ ನಿಲ್ಲಿಸುವ ಧ್ವನಿವರ್ಧಕಗಳನ್ನು ‘ಟವರು’ ಎನ್ನುತ್ತಾರೆ. ಅಂಗಡಿಯಿಂದ ತರುವವರಿಗೆ ಹಣದ ಚಿಂತೆಯೊಂದೇ. ಮನೆಯಲ್ಲಿ ಮಾಡಿಸುವವರಿಗೆ ಯಾವ ನಕಾಶೆಯನ್ನು ಆರಿಸಬೇಕೆಂಬ ಚಿಂತೆ ಅದಕ್ಕೂ ಮಿಗಿಲು.

ನಮ್ಮ ತಂದೆಯವರಿಗೆ ಈಗ ಎಂಬತ್ತಾರು. ಧಾರವಾಡದಲ್ಲಿ ಆಕಾಶವಾಣಿ ಆರಂಭವಾದ 1950ರಲ್ಲಿ ಅವರಿನ್ನೂ ಹುಡುಗ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಗದಗಿನ ಪುಟ್ಟರಾಜ ಗವಾಯಿಗಳು ಎಂದರೆ ಅವರಿಗೆ ಬಂಧುಗಳ ಹೆಸರು ಹೇಳಿದಂತೆ. ಕಣ್ಣು ಮಂಜಾಗಿ ಓದು ನಿಂತಮೇಲೆ ಸಂಗೀತವೇ ಅವರ ಹಗಲು, ಸಂಗೀತವೇ ಅವರ ಇರುಳು. ಈಚೆಗೆ ಕಿವಿಯೂ ಸೋಲತೊಡಗಿತು. ವೈದ್ಯರು ಕೊಟ್ಟ ಶ್ರವಣಯಂತ್ರವನ್ನು ಮಾತುಕತೆಗೆ ಧರಿಸುವರು. ಹಾಡು ಬಂದೊಡನೆ ಕಿತ್ತು ಜೇಬಿಗಿಳಿಸುವರು. “ತಂಬೂರಿ ತಗಡು ಬಡಿದಂಗ ಕೇಳತೈತಿ” ಎಂಬುದು ಅವರ ದೂರು. ಹಳೆಯ ಪೆಟ್ಟಿಗೆಯ ಧ್ವನಿ ಏರಿಸಿದರೆ ಬೇರೊಂದು ದೂರು: “ದನಿ ಕೇಳತೈತಿ, ಮಾತು ತಿಳಿಯವಲ್ದು.” ವಚನವನ್ನೋ ದೇವರನಾಮವನ್ನೋ ಕೇಳುತ್ತ ಕುಳಿತ ಮುದುಕರಿಗೆ ಮಾತೇ ತಿಳಿಯದಿದ್ದರೆ ಉಳಿದದ್ದೇನು?

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ತಂಗಿಯ ಮಗ ಸುದ್ದಿ ತಿಳಿದು ನಕಾಶೆಗಳ ಕಟ್ಟನ್ನೇ ಹೊತ್ತು ಬಂದ. ಅವನ ಒಲವೆಲ್ಲ ಹತ್ತಿಂಚಿನ ವೂಫರಿನ, ಹಿಂಬದಿಯಲ್ಲಿ ಕೊಳವೆಯಿರುವ ದೊಡ್ಡ ಪೆಟ್ಟಿಗೆಯ ಮೇಲೆ. “ಮಾಮಾ, ನೆಲ ನಡುಗತೈತಿ ನೋಡ್ರಿ” ಎಂದ. ಗಣಪತಿಯ ಮೆರವಣಿಗೆಗಳಲ್ಲಿ ನಮ್ಮ ಊರಿನ ನೆಲ ಸಾಕಷ್ಟು ನಡುಗಿದೆ. ಮನೆಯೊಳಗೂ ಅದನ್ನು ನಡುಗಿಸುವ ಆಸೆ ನನಗಿರಲಿಲ್ಲ.

ಧ್ವನಿಪೆಟ್ಟಿಗೆಯ ಶಾಸ್ತ್ರದಲ್ಲಿ ಎರಡು ಮುಖ್ಯ ಸಂಪ್ರದಾಯಗಳುಂಟು. ಕೊಳವೆಯ ಪೆಟ್ಟಿಗೆ ಒಂದು. ಬಾಟಲಿಯ ಬಾಯಿಗೆ ಊದಿದಾಗ ಅದು ತನ್ನದೇ ಒಂದು ಸ್ವರವನ್ನು ನುಡಿಯುವಂತೆ, ಕೊಳವೆಯೊಳಗಿನ ಗಾಳಿ ಒಂದು ಕೆಳಸ್ವರಕ್ಕೆ ನೆರವಾಗುತ್ತದೆ. ಆ ಸ್ವರದಿಂದ ಕೆಳಗಿಳಿದರೆ ಮಾತ್ರ ಧ್ವನಿ ಕಡಿದಾಗಿ ಬೀಳುತ್ತದೆ. ಎರಡನೆಯದು ಎಲ್ಲೂ ಕಿಂಡಿಯಿಲ್ಲದ ಮುಚ್ಚಿದ ಪೆಟ್ಟಿಗೆ. ಸಣ್ಣ ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿಯನ್ನೇ ವೂಫರಿಗೆ ಸ್ಪ್ರಿಂಗಿನಂತೆ ದುಡಿಸಬಹುದೆಂದು ಅಮೆರಿಕದ ಎಡ್ಗರ್ ವಿಲ್ಚುರ್ 1954ರಲ್ಲಿ ತೋರಿಸಿಕೊಟ್ಟ. ಇದರಲ್ಲಿ ಕೆಳಸ್ವರಗಳು ಮೆಲ್ಲಮೆಲ್ಲನೆ ಇಳಿಯುತ್ತವೆ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಬರೆದ ಲೇಖನವೂ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದ ರೀತಿಯೂ ಇಂಥ ಪೆಟ್ಟಿಗೆಗಳನ್ನು ಲೆಕ್ಕಕ್ಕೆ ತಂದವು. ಇಂದು ವೂಫರಿನ ಜೊತೆಗೆ ಬರುವ ಚೀಟಿಯ ಅಂಕಿಗಳಿಂದ ಅದಕ್ಕೆಷ್ಟು ಲೀಟರಿನ ಪೆಟ್ಟಿಗೆ ಬೇಕೆಂಬುದನ್ನು ಯಾರಾದರೂ ಗುಣಿಸಬಹುದು.

ಆದರೆ ನಮ್ಮ ಪ್ರಶ್ನೆ ಆ ಅಂಕಿಗಳಲ್ಲಿರಲಿಲ್ಲ. ನಮ್ಮ ಕೋಣೆಯಲ್ಲಿಯೂ ತಂದೆಯವರ ಕಿವಿಯಲ್ಲಿಯೂ ಇತ್ತು. ಕನ್ನಡದ ಸ್ವರಾಕ್ಷರಗಳು ಸ್ಥೂಲಕಾಯರು. ಗಾಯಕ ‘ಆ’ಕಾರವನ್ನು ಎಳೆದನೆಂದರೆ ಅದು ಕೇಳದವರಿಲ್ಲ. ಆದರೆ ಸ, ಶ, ತ, ಕ ಮೊದಲಾದ ವ್ಯಂಜನಗಳು ಕ್ಷಣಕಾಲ ಸುಳಿದು ಮಾಯವಾಗುವ ಬಡಪಾಯಿಗಳು. ಅವುಗಳ ಬಲವೆಲ್ಲ ಮೇಲಿನ ಕಂಪನಗಳಲ್ಲಿದೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಇದರ ಮೇಲೆ ಕೋಣೆಯ ಕಾಟ ಬೇರೆ. ನಮ್ಮದು ಹದಿನಾಲ್ಕಡಿ ಉದ್ದ, ಹತ್ತಡಿ ಅಗಲದ, ಕಲ್ಲು ಹಾಸಿದ ಕೋಣೆ, ಗೋಡೆಗಳು ಬರಿದು. ಹಿಂದಿನ ಸ್ವರಾಕ್ಷರದ ಅನುರಣನ ಅಡಗುವ ಮೊದಲೇ ಮುಂದಿನ ವ್ಯಂಜನ ಬಂದು ಅದರಲ್ಲಿ ಮುಳುಗಿಹೋಗುತ್ತದೆ. ಅಷ್ಟು ಉದ್ದದ ಕೋಣೆ ಸೆಕೆಂಡಿಗೆ ಸುಮಾರು 40 ಕಂಪನಗಳ ಸ್ವರಕ್ಕೆ ತಾನೇ ಗುಂಯ್‌ಗುಡುತ್ತದೆ. ತಂಗಿಯ ಮಗನ ಕೊಳವೆಯೂ ಸರಿಯಾಗಿ ಅದೇ ನಲವತ್ತಕ್ಕೆ! ಕೆಳಸ್ವರದ ಅಬ್ಬರ ಹೆಚ್ಚಿದಷ್ಟೂ ಮೇಲಿನ ಮೆಲುದನಿಗಳು ಮರೆಯಾಗುವುದು ಕಿವಿಯ ಧರ್ಮ. ಆದುದರಿಂದ ಮುಚ್ಚಿದ ಪೆಟ್ಟಿಗೆಯೇ ಇರಲೆಂದು ನಿಶ್ಚಯಿಸಿದೆ. ನನ್ನ ಶ್ರೀಮತಿ ಎರಡು ಹಳೆಯ ಕೌದಿಗಳನ್ನು ಗೋಡೆಗೆ ತೂಗುಹಾಕಿದಳು. ಕೋಣೆಯ ಅರ್ಧ ಗದ್ದಲ ಅದರಿಂದಲೇ ಅಡಗಿತು. ಸಾವಿರಾರು ರೂಪಾಯಿ ಸುರಿದು ಟ್ವೀಟರು ಬದಲಿಸುವವರು ಮೊದಲು ಈ ಪ್ರಯೋಗ ಮಾಡಿ ನೋಡಬಹುದು.

“ಹಾಗಾದರೆ ತಂಬೂರಿಯ ಖರ್ಜ ಹೇಗೆ ಕೇಳಬೇಕು?” ಎಂದು ಹುಡುಗ ವಾದಿಸಿದ. ಒಳ್ಳೆಯ ಪ್ರಶ್ನೆ. ಗಂಡುದನಿಯ ತಂಬೂರಿಯ ಖರ್ಜದ ತಂತಿ ಸುಮಾರು 65ರಿಂದ 70 ಕಂಪನಗಳದು. ಆರೂವರೆ ಇಂಚಿನ ಒಳ್ಳೆಯ ವೂಫರು ಮುಚ್ಚಿದ ಪೆಟ್ಟಿಗೆಯಲ್ಲೂ ಅಲ್ಲಿಗೆ ಮುಟ್ಟುತ್ತದೆ. ಅಷ್ಟೇಕೆ, ತಂಬೂರಿಯ ಜೀವ ಖರ್ಜದಲ್ಲಿರುವುದಕ್ಕಿಂತ ಹೆಚ್ಚಾಗಿ ಜವಾರಿ ಎಬ್ಬಿಸುವ ಉಪಸ್ವರಗಳಲ್ಲಿದೆ. ನಮ್ಮ ವಾದ್ಯಗಳ ಬಾಗಿದ ಕುದುರೆಯ ಮೇಲೆ ಆಡುವ ತಂತಿಯ ಈ ವೈಚಿತ್ರ್ಯವನ್ನು ಸಿ. ವಿ. ರಾಮನ್ನರು 1921ರಲ್ಲೇ ಬರೆದಿಟ್ಟಿದ್ದಾರೆ.

ಇನ್ನು ಎತ್ತರದ ಮಾತು. ಚಿಕ್ಕ ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಡಬಹುದಿತ್ತು. ಆದರೆ ಮೊಮ್ಮಕ್ಕಳಿರುವ ಮನೆಯಲ್ಲಿ ಸ್ಟ್ಯಾಂಡು ಎಷ್ಟು ದಿನ ನಿಂತೀತು? ಟವರಾದರೆ ಟ್ವೀಟರು ಕುಳಿತವರ ಕಿವಿಯ ಮಟ್ಟಕ್ಕೂ ಬರುತ್ತದೆ. ಆದರೆ ಎತ್ತರಕ್ಕೊಂದು ಶಾಪವುಂಟು. ಒಳಗೆ 96 ಸೆಂಟಿಮೀಟರು ಉದ್ದದ ಪೊಳ್ಳು ಇದ್ದರೆ ಅದು ಸುಮಾರು 178 ಕಂಪನಗಳಲ್ಲಿ ಅನುರಣಿಸುತ್ತದೆ. ಗಂಡುದನಿ ಹಾಡುವುದು ಆ ನೆರೆಯಲ್ಲೇ. ನಾನಾರಿಸಿದ ನಕಾಶೆಯಲ್ಲಿ ಇದಕ್ಕೆ ಪರಿಹಾರವಿತ್ತು: ನಡುವೆ ಅಡ್ಡಹಲಗೆ ಹಾಕಿ ಮೇಲಿನ 14 ಲೀಟರನ್ನು ಮಾತ್ರ ವೂಫರಿಗೆ ಬಿಟ್ಟು, ಕೆಳಭಾಗಕ್ಕೆ ಒಣಮರಳು ತುಂಬುವುದು. ಮೇಲಿನ ಗಿಡ್ಡ ಪೊಳ್ಳು ಐನೂರರ ಸಮೀಪ ನುಡಿಯುತ್ತದೆ, ಅದನ್ನು ಉಣ್ಣೆ ತುರುಕಿ ಸುಮ್ಮನಾಗಿಸುವುದು ಸುಲಭ. 1965ರಲ್ಲಿ ಎ. ಆರ್. ಬೇಲಿ ಎಂಬಾತ ಇಂಗ್ಲೆಂಡಿನಲ್ಲಿ ತನ್ನ ಪೆಟ್ಟಿಗೆಗೆ ಉದ್ದೆಳೆಯ ಉಣ್ಣೆಯನ್ನೇ ತುಂಬಿದ. ಕಂಬಳಿ ನೇಯುವವರ ಸೀಮೆಯಲ್ಲಿ ಕುರಿಯ ಉಣ್ಣೆಗೇನು ಬರ? ತೊಳೆದು, ಒಣಗಿಸಿ, ಹಿಂಜಿ, ಹುಳು ಬೀಳದಂತೆ ನುಸಿಗುಳಿಗೆಗಳನ್ನಿಟ್ಟು ತುಂಬಿದೆವು.

ನಕಾಶೆ ಕೊಳ್ಳುವಾಗ ಮತ್ತೊಂದನ್ನು ಕೇಳಬೇಕು: ಪೆಟ್ಟಿಗೆ ಗೋಡೆಯ ಹತ್ತಿರ ನಿಲ್ಲತಕ್ಕದ್ದೋ, ದೂರವೋ? 20 ಸೆಂಟಿಮೀಟರು ಅಗಲದ ಮುಖವಿರುವ ಪೆಟ್ಟಿಗೆಯಿಂದ ಸುಮಾರು 570 ಕಂಪನಗಳಿಗಿಂತ ಕೆಳಗಿನ ಧ್ವನಿ ಬರಬರುತ್ತ ಹಿಂದಕ್ಕೂ ಹರಡಿಕೊಳ್ಳುತ್ತದೆ. ಆ ನಷ್ಟವನ್ನು ತುಂಬಲು ಕ್ರಾಸ್‌ಓವರಿನ ಸುರುಳಿಗಳಲ್ಲಿ ತಿದ್ದುಪಡಿ ಇರುತ್ತದೆ. ಗೋಡೆ ಹತ್ತಿರವಿದ್ದರೆ ತಾನೇ ಒಂದಿಷ್ಟನ್ನು ಮರಳಿಸುವುದರಿಂದ ತಿದ್ದುಪಡಿ ಕಡಿಮೆಯಿರಬೇಕು. ಇಲ್ಲವಾದರೆ ಗಾಯಕ ಗಡಿಗೆಯೊಳಗೆ ಕುಳಿತು ಹಾಡಿದಂತಾದೀತು. ನಮ್ಮ ಹತ್ತಡಿಯ ಅಗಲದಲ್ಲಿ ದೂರದ ಮಾತೇ ಇಲ್ಲ.

ಮೊದಲ ಕಂಬ ಕಳೆದ ತಿಂಗಳು ಮುಗಿಯಿತು. ಇಪ್ಪತ್ತು ವ್ಯಾಟಿನ ಆಂಪ್ಲಿಫೈಯರು ಕೂಡಿಸಿ ಒಂದು ವಚನವನ್ನು ಹಚ್ಚಿದೆ. ತಂದೆಯವರು ಕಣ್ಣು ಮುಚ್ಚಿ ಕುಳಿತಿದ್ದವರು ಎರಡನೆಯ ಸಾಲಿಗೆ ಗಾಯಕನಿಗಿಂತ ಮೊದಲೇ ಮುಂದಿನ ಪದವನ್ನು ತುಟಿಯಲ್ಲಿ ಆಡಿದರು. ನೆನಪಿನಿಂದಲೋ, ಕೇಳಿಯೋ ನಾನರಿಯೆ. ಮೂರನೆಯ ಸಾಲಿಗೆ ಕೈಯೆತ್ತಿ ನಿಲ್ಲಿಸಿದರು. “ಇಲ್ಲಿ ಬ್ಯಾರೆ ಪಾಠ ಹಾಡ್ಯಾನ. ಇಷ್ಟು ವರ್ಷ ನನಗ ಗೊತ್ತಾಗಿದ್ದಿಲ್ಲ. ಇನ್ನೊಮ್ಮೆ ಹಚ್ಚು.”

ಬಡಗಿಗೆ ಮದುವೆಯ ಮಂಚಗಳ ಕೆಲಸ ಬಂದಿರುವುದರಿಂದ ಎರಡನೆಯ ಕಂಬ ಇನ್ನೂ ಹಲಗೆಯ ರೂಪದಲ್ಲೇ ಇದೆ. ಅವಸರವಿಲ್ಲವೆಂದು ತಂದೆಯವರೇ ಅವನಿಗೆ ಹೇಳಿ ಕಳಿಸಿದ್ದಾರೆ. ಆ ಸಂಜೆಯಿಂದ ದಿನಕ್ಕೊಂದು ಹಳೆಯ ಧ್ವನಿಮುದ್ರಿಕೆಯನ್ನು ಹಚ್ಚಿಸಿ ಪಾಠಭೇದ ಹುಡುಕುತ್ತ ಕುಳಿತಿದ್ದಾರೆ.